ಮೀಸಲು ಯೋಧನ ಮಾಲಕನಿಗೂ ಒಂದು ಪತ್ರ ಬರಲಿ

ಮಾನ್ಯ ಸಂಪಾದಕರೇ,

ಟೆರಿಟೋರಿಯಲ್ ಆರ್ಮಿಯ (ಟಿಎ) ನೇಮಕಾತಿ ರ‍್ಯಾಲಿ ನಡೆದಾಗಲೆಲ್ಲ ಪತ್ರಿಕೆಗಳಲ್ಲಿ ಒಂದೇ ಬಗೆಯ ಚಿತ್ರ ಬರುತ್ತದೆ. ಬ್ಯಾಗನ್ನೇ ತಲೆದಿಂಬು ಮಾಡಿಕೊಂಡು ರಸ್ತೆ ಬದಿ ಮಲಗಿದ ಹುಡುಗರು, ನಸುಕಿನ ಓಟ, ಎದೆಯ ಅಳತೆ ಕೊಡುತ್ತ ನಿಂತವರ ಸಾಲು. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಆಯ್ಕೆಯಾದ ಹುಡುಗ ಮುಂದೆ ಎಲ್ಲಿಗೆ ಹೋಗುತ್ತಾನೆ, ವರ್ಷದಲ್ಲಿ ಎಷ್ಟು ಕಾಲ ಸಮವಸ್ತ್ರದಲ್ಲಿರುತ್ತಾನೆ, ಉಳಿದ ಕಾಲ ಯಾರ ಬಳಿ ದುಡಿದು ಮನೆ ನಡೆಸುತ್ತಾನೆ ಎಂಬುದನ್ನು ಯಾವ ವರದಿಯಲ್ಲೂ ನಾನು ಓದಿಲ್ಲ. ಆ ಉಳಿದ ಕಾಲಕ್ಕೆ ಸಂಬಳ ಕೊಡುವವರಲ್ಲಿ ನಾನೂ ಒಬ್ಬ. ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರಿನ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ ನನ್ನದು. ನನ್ನ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರದ ಮುಂದೆ ನಿಲ್ಲುವ ಒಬ್ಬ ಟರ್ನರ್, ಅಂದರೆ ಲೇತ್ ಕೆಲಸಗಾರ, ಟಿಎ ಸಿಪಾಯಿ. ಆತನ ಬೆಟಾಲಿಯನ್ ಯಾವುದು, ಈಗ ಎಲ್ಲಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಬರೆಯಲೂ ಬಾರದು. ಆದರೆ ಈ ಮೀಸಲು ಸೇನೆಯ ಅರ್ಧ ಭಾರ ಹೊತ್ತಿರುವ ಕಾರ್ಖಾನೆ, ಅಂಗಡಿ, ಶಾಲೆ, ಬ್ಯಾಂಕುಗಳ ಜೊತೆ ಸರ್ಕಾರ ಒಂದು ಮಾತೂ ಆಡುವುದಿಲ್ಲ ಎಂಬುದನ್ನು ಹೇಳಲೇಬೇಕಾಗಿದೆ. ಪತ್ರ ತುಸು ಉದ್ದವಾಗಿದೆ. ದಯವಿಟ್ಟು ಕತ್ತರಿಸದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಮೊದಲಿಗೆ, ಇದು ಏನು ಎಂಬ ಬಗ್ಗೆಯೇ ಜನರಲ್ಲಿ ಗೊಂದಲವಿದೆ. ನಿವೃತ್ತ ಸೈನಿಕರನ್ನು ಮತ್ತೆ ಕರೆಯುವ ವ್ಯವಸ್ಥೆ ಎಂದು ಕೆಲವರು ತಿಳಿದಿದ್ದಾರೆ. ಅದು ಬೇರೆ. ಸೇವೆ ಮುಗಿಸಿ ಬಂದ ಸಿಪಾಯಿಯನ್ನು ಕೆಲಕಾಲ ಮೀಸಲು ಪಟ್ಟಿಯಲ್ಲಿ ಇಡಲು 1888ರ ಕಾಯ್ದೆಯೊಂದಿದೆ. ಟೆರಿಟೋರಿಯಲ್ ಆರ್ಮಿ ಎಂದರೆ ನಾಗರಿಕರ ಸೇನೆ. ಬ್ರಿಟಿಷರ ಕಾಲದಲ್ಲಿ 1920ರಲ್ಲೇ ಇಂಥದ್ದೊಂದು ಪಡೆ ಇತ್ತು. ಸ್ವಾತಂತ್ರ್ಯದ ನಂತರ 1948ರಲ್ಲಿ ಹೊಸ ಕಾಯ್ದೆ ಬಂತು. 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರು ಅದನ್ನು ಉದ್ಘಾಟಿಸಿದರು. 1962, 1965, 1971ರ ಯುದ್ಧಗಳಲ್ಲಿ ಈ ತುಕಡಿಗಳು ಕೆಲಸ ಮಾಡಿವೆ. ‘ಅರೆಕಾಲಿಕ ಸೈನ್ಯ’ ಎಂದು ಹಗುರವಾಗಿ ಬರೆಯುವವರು ಇದನ್ನು ನೆನಪಿಡಬೇಕು. ಕರೆ ಬಂದ ದಿನದಿಂದ ಟಿಎ ಸಿಪಾಯಿಯೂ ಸೇನಾ ಕಾಯ್ದೆಗೆ ಒಳಪಡುತ್ತಾನೆ. ಅವನಿಗೆ ಬೇರೆ ಶಿಸ್ತು, ಬೇರೆ ಗುಂಡು ಎಂಬುದಿಲ್ಲ.

ಇದರಲ್ಲಿ ಎರಡು ಬಗೆ. ಇಲಾಖೆಗಳಿಗೆ ಸೇರಿದ ತುಕಡಿಗಳು ಒಂದು ಕಡೆ. ರೈಲ್ವೆ, ತೈಲ ಕಂಪನಿಗಳಂಥ ಕಡೆ ಅಲ್ಲಿನ ನೌಕರರೇ ಸಮವಸ್ತ್ರ ತೊಟ್ಟು, ಯುದ್ಧವೋ ಮುಷ್ಕರವೋ ಬಂದಾಗ ರೈಲು ನಿಲ್ಲದಂತೆ, ತೈಲ ನಿಲ್ಲದಂತೆ ನೋಡಿಕೊಳ್ಳುತ್ತಾರೆ. ಅಲ್ಲಿ ಮಾಲಕನೂ ಸರ್ಕಾರ, ಕರೆಯುವವನೂ ಸರ್ಕಾರ, ಹಾಗಾಗಿ ಜಗಳವಿಲ್ಲ. ಇನ್ನೊಂದು ಕಡೆ ಪದಾತಿ ಬೆಟಾಲಿಯನ್‌ಗಳು ಮತ್ತು ಪರಿಸರ ಬೆಟಾಲಿಯನ್‌ಗಳು. ಪರಿಸರದ್ದು ಬಹುಪಾಲು ಮಾಜಿ ಸೈನಿಕರ ಪಡೆ. 1982ರಲ್ಲಿ ಗಢವಾಲ್ ಭಾಗದಲ್ಲಿ ಆರಂಭವಾದ 127ನೇ ಬೆಟಾಲಿಯನ್ ಮಸ್ಸೂರಿಯ ಬೋಳು ಗುಡ್ಡಗಳಲ್ಲಿ ಗಿಡ ನೆಟ್ಟ ಕೆಲಸ ದೊಡ್ಡದು. ಅದರ ಬಗ್ಗೆ ಬೇರೆಯೇ ಪತ್ರ ಬರೆಯಬೇಕು.

ನಮ್ಮ ಭಾಗದ ಹುಡುಗರು ಸೇರುವುದು ಪದಾತಿ ಬೆಟಾಲಿಯನ್‌ಗಳಿಗೆ. ಪ್ರತಿಯೊಂದೂ ಸೇನೆಯ ಒಂದು ಹಳೆಯ ರೆಜಿಮೆಂಟಿನ ಹೆಸರು ಹೊತ್ತಿರುತ್ತದೆ, ಅದರ ಲಾಂಛನ, ಅದರ ಸಂಪ್ರದಾಯಗಳನ್ನೇ ಪಾಲಿಸುತ್ತದೆ. ಬೆಳಗಾವಿಯ 115ನೆಯದು ಮಹಾರ್ ರೆಜಿಮೆಂಟಿನದು. ಕೊಲ್ಹಾಪುರದ 109, ಪುಣೆಯ 101 ಮರಾಠಾ ಲಘು ಪದಾತಿ ದಳದವು. ಕೊಯಮತ್ತೂರಿನ 110 ಮದ್ರಾಸ್ ರೆಜಿಮೆಂಟಿನದು. ಬೆಂಗಳೂರಿನ 106 ಪ್ಯಾರಾಶೂಟ್ ರೆಜಿಮೆಂಟಿಗೆ ಸೇರಿದ್ದು. ಬೆಟಾಲಿಯನ್ನಿನ ಮುಖ್ಯಸ್ಥ ಮತ್ತು ತರಬೇತಿ ನೀಡುವ ಕೆಲವರು ಕಾಯಂ ಸೇನೆಯಿಂದ ಬಂದವರು. ಉಳಿದ ಅಧಿಕಾರಿಗಳಲ್ಲಿ ವಕೀಲರು, ಎಂಜಿನಿಯರರು, ಕಂಪನಿ ಮ್ಯಾನೇಜರರು ಇರುತ್ತಾರೆ. ಸಿಪಾಯಿಗಳಲ್ಲಿ ರೈತರು, ಚಾಲಕರು, ನನ್ನ ಟರ್ನರನಂಥವರು ಇರುತ್ತಾರೆ.

ಕೇಂದ್ರ ಸ್ಥಳ ಬೆಂಗಳೂರು ಎಂದ ಮಾತ್ರಕ್ಕೆ ತುಕಡಿ ಬೆಂಗಳೂರಿನಲ್ಲೇ ಇರುತ್ತದೆ ಎಂದು ಅರ್ಥವಲ್ಲ. ಧೋನಿಯವರ ಉದಾಹರಣೆ ಎಲ್ಲರಿಗೂ ಗೊತ್ತು. ಅವರಿಗೆ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ದೊರೆತದ್ದು 2011ರಲ್ಲಿ. ಬೆಂಗಳೂರಿನ 106ನೇ ಪ್ಯಾರಾ ಬೆಟಾಲಿಯನ್ನಿಗೆ ಸೇರಿದ ಅವರು 2019ರ ಆಗಸ್ಟ್‌ನಲ್ಲಿ ಕಾವಲು, ಗಸ್ತು ಎಂದು ತುಕಡಿಯೊಡನೆ ಕಳೆದದ್ದು ಕಾಶ್ಮೀರದಲ್ಲಿ. ಅಂದು ಪತ್ರಿಕೆಗಳೆಲ್ಲ ಅವರ ಫೋಟೊ ಹಾಕಿದವು. ಅದೇ ಸಾಲಿನಲ್ಲಿ ನಿಂತಿದ್ದ ಉಳಿದವರ ಮನೆ ಯಾವ ಊರಿನಲ್ಲಿದೆ, ಅವರು ಬಿಟ್ಟು ಬಂದ ಕೆಲಸ ಏನಾಗಿದೆ ಎಂದು ಯಾರೂ ಕೇಳಲಿಲ್ಲ. ಇದಕ್ಕೆ ತದ್ವಿರುದ್ಧವಾದ ವ್ಯವಸ್ಥೆಯೂ ಇದೆ. ಜಮ್ಮು-ಕಾಶ್ಮೀರದಲ್ಲಿ ಸ್ಥಳೀಯರನ್ನೇ ಸೇರಿಸಿಕೊಂಡು ಅವರ ನೆಲದಲ್ಲೇ ನಿಯೋಜಿಸುವ ಬೆಟಾಲಿಯನ್‌ಗಳಿವೆ. ಆ ದಾರಿ, ಆ ಹಳ್ಳ, ಆ ಭಾಷೆ ಗೊತ್ತಿದ್ದವರೇ ಅಲ್ಲಿ ಬೇಕು ಎಂಬ ಲೆಕ್ಕಾಚಾರ ಸರಿಯಾದದ್ದೇ.

ಇನ್ನು ಕರೆ ಬರುವ ಬಗೆ. ಕಾಯ್ದೆಯ ಪ್ರಕಾರ ಟಿಎ ಯೋಧನನ್ನು ತರಬೇತಿಗೆ ಕರೆಯಬಹುದು, ನಾಗರಿಕ ಆಡಳಿತಕ್ಕೆ ನೆರವಾಗಲು ಅಥವಾ ಮುಖ್ಯ ಸ್ಥಳಗಳ ಕಾವಲಿಗೆ ಕರೆಯಬಹುದು, ಕಾಯಂ ಸೇನೆಗೆ ಬೆಂಬಲವಾಗಿ ಕರೆಯಬಹುದು. ತರಬೇತಿ ನನಗೆ ತಲೆನೋವಲ್ಲ. ನಗರದ ತುಕಡಿಗಳಿಗೆ ವಾರಾಂತ್ಯಗಳೂ ಶಿಬಿರವೂ ಸೇರಿ ವರ್ಷಕ್ಕೆ 30 ದಿನ, ಉಳಿದ ತುಕಡಿಗಳಿಗೆ ಒಟ್ಟಿಗೆ ಎರಡು ತಿಂಗಳು. ಮೊದಲೇ ಗೊತ್ತಿದ್ದರೆ ಯಾವ ಕಾರ್ಖಾನೆಯೂ ಎರಡು ತಿಂಗಳಿಗೆ ಮುಳುಗಿಹೋಗುವುದಿಲ್ಲ. ಕಷ್ಟ ಶುರುವಾಗುವುದು ಎರಡನೆಯ ಮತ್ತು ಮೂರನೆಯ ಬಗೆಯ ಕರೆಯಿಂದ. ಅದಕ್ಕೆ ಕೊನೆಯ ದಿನಾಂಕ ಇರುವುದಿಲ್ಲ.

2025ರ ಮೇ 6ರ ಆದೇಶವನ್ನು ನೆನಪಿಸಿಕೊಳ್ಳಿ. ಆಪರೇಷನ್ ಸಿಂಧೂರದ ಆ ವಾರ ಅದು ದೊಡ್ಡ ಸುದ್ದಿಯಾಗಿತ್ತು. 1948ರ ಟೆರಿಟೋರಿಯಲ್ ಆರ್ಮಿ ನಿಯಮಗಳ 33ನೇ ನಿಯಮದಡಿ, ಪ್ರತಿಯೊಬ್ಬ ಟಿಎ ಅಧಿಕಾರಿ ಮತ್ತು ಸಿಪಾಯಿಯನ್ನು ಕರೆಸಿಕೊಳ್ಳುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಡಲಾಯಿತು. ಇರುವ 32 ಪದಾತಿ ಬೆಟಾಲಿಯನ್‌ಗಳಲ್ಲಿ 14ನ್ನು ಸಕ್ರಿಯ ಸೇವೆಗೆ ತೆಗೆದುಕೊಳ್ಳಲು ಒಪ್ಪಿಗೆ ಸಿಕ್ಕಿತು. ದಕ್ಷಿಣ, ಪೂರ್ವ, ಪಶ್ಚಿಮ, ಮಧ್ಯ, ಉತ್ತರ, ನೈರುತ್ಯ ಕಮಾಂಡುಗಳು, ಅಂಡಮಾನ್-ನಿಕೋಬಾರ್, ತರಬೇತಿ ಕಮಾಂಡ್ ಹೀಗೆ ಎಲ್ಲಿಗೆ ಬೇಕಾದರೂ ಕಳಿಸಬಹುದು. ಆದೇಶದ ಅವಧಿ 2025ರ ಫೆಬ್ರುವರಿ 10ರಿಂದ 2028ರ ಫೆಬ್ರುವರಿ 9ರವರೆಗೆ. ಮುಂದಿನ ಸಾಲುಗಳನ್ನು ಓದಿದಾಗ ನನಗೆ ನಿಜವಾಗಿ ನೋವಾಯಿತು. ಬಜೆಟ್ಟಿನಲ್ಲಿ ಹಣವಿದ್ದರೆ ಅಥವಾ ಬೇರೆ ಬಾಬ್ತಿನ ಉಳಿತಾಯದಿಂದ ಹಣ ಹೊಂದಿಸಿದರೆ ಮಾತ್ರ ಬೆಟಾಲಿಯನ್ ಕರೆಸಬೇಕು. ರಕ್ಷಣಾ ಸಚಿವಾಲಯವಲ್ಲದೆ ಬೇರೆ ಸಚಿವಾಲಯ ಕೇಳಿಕೊಂಡಿದ್ದರೆ ಖರ್ಚನ್ನು ಆ ಸಚಿವಾಲಯದ ಲೆಕ್ಕಕ್ಕೆ ಹಾಕಬೇಕು. ಒಂದು ಸಚಿವಾಲಯದ ಹಣ ಇನ್ನೊಂದರ ಪಾಲಿಗೆ ಹೋಗದಂತೆ ಇಷ್ಟು ಎಚ್ಚರ ವಹಿಸಿದವರು, ಆ 14 ಬೆಟಾಲಿಯನ್‌ಗಳ ಸಿಪಾಯಿಗಳು ಬಿಟ್ಟುಬರುವ ಕೆಲಸದ ಬಗ್ಗೆ, ಅವರನ್ನು ಕಳಿಸಿಕೊಡುವ ಮಾಲಕರ ಬಗ್ಗೆ ಒಂದು ಅಕ್ಷರ ಬರೆದಿಲ್ಲ.

ನನ್ನಲ್ಲಿ ಆದದ್ದನ್ನು ಹೇಳುತ್ತೇನೆ. ಕರೆ ಬಂದದ್ದು ಆತನಿಗೆ, ನನಗಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಬಂದು, ‘ಮಾಲಕರೇ, ಈ ಸಲ ಕ್ಯಾಂಪ್ ಅಲ್ಲ. ಯಾವಾಗ ತಿರುಗಿ ಬರುತ್ತೇನೆಂದು ಅವರೂ ಹೇಳಿಲ್ಲ’ ಎಂದ. ಹಾಜರಾಗಲು ಕೊಟ್ಟ ಸಮಯ ಬಹಳ ಕಡಿಮೆ. ಯಂತ್ರದ ಮೇಲೆ ಪಿಸ್ಟನ್ ರಾಡಿನ ದೊಡ್ಡ ಆರ್ಡರ್ ನಡೆದಿತ್ತು. ಆ ರಾಡಿನ ವ್ಯಾಸದಲ್ಲಿ ಕೂದಲೆಳೆಗಿಂತ ಕಡಿಮೆ ವ್ಯತ್ಯಾಸವಾದರೂ ಸೀಲು ಹಾಳಾಗಿ ಎಣ್ಣೆ ಸೋರುತ್ತದೆ. ಅಳತೆಯನ್ನು ಯಂತ್ರವೇ ನೋಡಿಕೊಳ್ಳುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ಹಾಗಿಲ್ಲ. ಲೋಹ ಕತ್ತರಿಸುವ ಮೊನೆ, ಅಂದರೆ ಇನ್ಸರ್ಟ್, ಸವೆದಂತೆಲ್ಲ ಅಳತೆ ಜಾರುತ್ತದೆ, ಬೇಸಿಗೆಯ ಮಧ್ಯಾಹ್ನ ಒಂದು ಬಗೆ, ರಾತ್ರಿ ಪಾಳಿಯಲ್ಲಿ ಇನ್ನೊಂದು ಬಗೆ. ಎಷ್ಟು ರಾಡಿಗೊಮ್ಮೆ ಎಷ್ಟು ಮೈಕ್ರಾನ್ ಸರಿಪಡಿಸಬೇಕೆಂಬುದು ಆತನ ಕೈಗೆ ಗೊತ್ತಿತ್ತು. ಹೊರಡುವ ಹಿಂದಿನ ರಾತ್ರಿ ಕೂತು, ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿಯೊಂದು ಭಾಗದ ಸೆಟ್ಟಿಂಗನ್ನು ಬರೆದಿಟ್ಟು ಹೋದ. ಭಾಗದ ಸಂಖ್ಯೆ, ಯಾವ ಇನ್ಸರ್ಟ್, ಎಷ್ಟು ವೇಗ, ಎಲ್ಲಿ ಕೈ ತಡೆಯಬೇಕು ಎಂಬುದೆಲ್ಲ ಅದರಲ್ಲಿತ್ತು. ಒಂದು ಪುಟದ ಅಂಚಿನಲ್ಲಿ ‘ಇಲ್ಲಿ ಅವಸರ ಮಾಡಬಾರದು’ ಎಂದು ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿದ್ದ. ಯುದ್ಧದ ಸುದ್ದಿ ಕೇಳುತ್ತ ಮನೆಯಲ್ಲಿ ಹೆಂಡತಿ ಮಕ್ಕಳು ಕಾಯುತ್ತಿದ್ದಾಗ ಆತ ನನ್ನ ಕಾರ್ಖಾನೆಯ ಕೆಲಸ ಕೆಡದಿರಲಿ ಎಂದು ಕೂತು ಬರೆದ. ಇಂಥವನ ಬಗ್ಗೆ ನಾನು ಸುಮ್ಮನಿರಲಾರೆ.

ಬದಲಿಗೆ ಬಂದ ಹುಡುಗ ಬುದ್ಧಿವಂತನೇ. ಆದರೂ ಕೈ ಕೂರಲು ಸಮಯ ಬೇಕಲ್ಲ. ರಾಡುಗಳು ತಿರಸ್ಕೃತವಾಗಿ ವಾಪಸು ಬಂದವು, ಗಿರಾಕಿ ತಡವಾದದ್ದಕ್ಕೆ ಬಿಲ್ಲಿನಲ್ಲಿ ಹಣ ಕಡಿತ ಮಾಡಿದರು. ನಷ್ಟ ಆಯಿತು. ದೇಶಕ್ಕಾಗಿ ಆದ ನಷ್ಟ, ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಆ ನಷ್ಟ ಯಾವ ಸರ್ಕಾರಿ ಕಡತದಲ್ಲೂ ನಷ್ಟವೆಂದು ದಾಖಲಾಗುವುದಿಲ್ಲ. ನನ್ನ ಬಳಿ ಎರಡು ಯಂತ್ರಗಳಿವೆ, ಹೇಗೋ ತಡೆದುಕೊಂಡೆ. ಒಂದೇ ಲೇತ್ ಇಟ್ಟುಕೊಂಡು ಬ್ಯಾಂಕಿನ ಕಂತು ಕಟ್ಟುವವನ ಗತಿ ಏನು? ಅಂಥ ಒಬ್ಬ ಮಾಲಕರು ತಮ್ಮ ಟಿಎ ಕೆಲಸಗಾರ ತಿರುಗಿ ಬಂದಾಗ ‘ಜಾಗ ಭರ್ತಿಯಾಗಿದೆ’ ಎಂದು ಕಳಿಸಿಬಿಟ್ಟರು. ಕೆಟ್ಟ ಮನುಷ್ಯರೇನಲ್ಲ. ಅದು ಕಾನೂನಿಗೆ ವಿರುದ್ಧ ಎಂಬುದು ಅವರಿಗೂ ಗೊತ್ತಿರಲಿಲ್ಲ, ಆ ಹುಡುಗನಿಗೂ ಗೊತ್ತಿರಲಿಲ್ಲ.

ಕಾನೂನು ಇದೆ. ಟೆರಿಟೋರಿಯಲ್ ಆರ್ಮಿ ಕಾಯ್ದೆಯ 7ಎ ಕಲಮನ್ನು ಓದಿದ ಮಾಲಕರು ಉದ್ಯಮಬಾಗದಲ್ಲಿ ಬೆರಳೆಣಿಕೆಯಷ್ಟೂ ಇರಲಿಕ್ಕಿಲ್ಲ. ಸೇವೆಗೆ ಕರೆ ಬಂದ ಕೆಲಸಗಾರನಿಗೆ ಬೇಕಾದ ರಜೆ ಕೊಡುವುದು, ಸೇವೆ ಮುಗಿದ ಮೇಲೆ, ಕೆಲಸಕ್ಕೆ ಅಡ್ಡಿಯಾಗದೇ ಇದ್ದಿದ್ದರೆ ಆತನಿಗೆ ಅನ್ವಯವಾಗುತ್ತಿದ್ದುದಕ್ಕಿಂತ ಕಡಿಮೆಯಲ್ಲದ ಷರತ್ತುಗಳ ಮೇಲೆ ಆತನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವುದು ಮಾಲಕನ ಕರ್ತವ್ಯ ಎಂದು ಅದು ಹೇಳುತ್ತದೆ. ಸಾಧ್ಯವೇ ಇಲ್ಲ ಎನ್ನುವ ಮಾಲಕನ ಅಳಲನ್ನೂ ಕೇಳಲು ಅಲ್ಲಿ ದಾರಿಯಿದೆ. ನಿಗದಿತ ಅಧಿಕಾರಿಯ ಮುಂದೆ ಇಬ್ಬರಲ್ಲಿ ಯಾರಾದರೂ ಹೋಗಬಹುದು. ಅಧಿಕಾರಿ ಮಾಲಕನಿಗೆ ವಿನಾಯಿತಿ ಕೊಡಬಹುದು, ಕೆಲಸ ಕೊಡಲೇಬೇಕೆನ್ನಬಹುದು, ಇಲ್ಲವೇ ಆರು ತಿಂಗಳ ಸಂಬಳ ಮೀರದಂತೆ ಪರಿಹಾರ ಕೊಡಿಸಬಹುದು. ಆದೇಶ ಪಾಲಿಸದಿದ್ದರೆ ದಂಡ ಒಂದು ಸಾವಿರ ರೂಪಾಯಿವರೆಗೆ. ದಶಕಗಳ ಹಿಂದೆ ಈ ಮೊತ್ತ ಬರೆದಾಗ ಅದಕ್ಕೆ ತೂಕವಿತ್ತು. ಇಂದು ಅದು ನುರಿತ ಕೆಲಸಗಾರನ ಒಂದು ದಿನದ ಪಗಾರದ ಆಸುಪಾಸಿನಲ್ಲಿದೆ. ಇಂಥ ದಂಡಕ್ಕೆ ಯಾರು ಹೆದರುತ್ತಾರೆ?

ಬೇರೆ ದೇಶಗಳು ಇದನ್ನು ಹೇಗೆ ನಿಭಾಯಿಸುತ್ತವೆ ಎಂದು ಹುಡುಕಿ ಓದಿದೆ. ಅಮೆರಿಕದಲ್ಲಿ ಮೀಸಲು ಯೋಧ ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ತರಬೇತಿ ಪಡೆಯುತ್ತಾನೆ. 1994ರ ಕಾನೂನಿನಂತೆ, ಒಬ್ಬ ಮಾಲಕನಲ್ಲಿ ಒಟ್ಟು ಐದು ವರ್ಷದವರೆಗಿನ ಗೈರುಹಾಜರಿಗೆ ಆತನ ಕೆಲಸಕ್ಕೆ ರಕ್ಷಣೆಯಿದೆ. ತಿರುಗಿ ಬಂದಾಗ ಸಿಗಬೇಕಾದದ್ದು ಬಿಟ್ಟುಹೋದ ಹುದ್ದೆಯಲ್ಲ, ಹೋಗದೇ ಇದ್ದಿದ್ದರೆ ಅಷ್ಟರಲ್ಲಿ ಏರಿರುತ್ತಿದ್ದ ಹುದ್ದೆ. ಇದು ನನಗೆ ತುಂಬ ಹಿಡಿಸಿತು. ಬ್ರಿಟನ್ನಿನಲ್ಲಿ ಬದಲಿ ಕೆಲಸಗಾರನಿಗೆ ತಗಲುವ ಹೆಚ್ಚುವರಿ ಖರ್ಚನ್ನು ಮಾಲಕರು ರಕ್ಷಣಾ ಇಲಾಖೆಯಿಂದ ಕೇಳಿ ಪಡೆಯಬಹುದು. ಸಿಂಗಪುರದಲ್ಲಿ ಮೀಸಲು ಸೇವೆಯ ದಿನಗಳಲ್ಲಿ ತಪ್ಪುವ ಸಂಬಳವನ್ನು ಸರ್ಕಾರವೇ ತುಂಬಿಕೊಡುತ್ತದೆ. ಇಸ್ರೇಲಿನಲ್ಲಿ ಮಾಲಕ ಸಂಬಳ ಕೊಟ್ಟು, ರಾಷ್ಟ್ರೀಯ ವಿಮಾ ಸಂಸ್ಥೆಯಿಂದ ಹಿಂಪಡೆಯುತ್ತಾನೆ. ಅವು ಶ್ರೀಮಂತ ದೇಶಗಳು, ಅಷ್ಟೆಲ್ಲ ನಮ್ಮಲ್ಲಿ ಆಗದು ಎನ್ನುವವರಿದ್ದಾರೆ. ಹಣದ ಮಾತು ಹಾಗಿರಲಿ, ಮಾಲಕನಿಗೆ ಒಂದು ಪತ್ರ ಬರೆಯಲು ಶ್ರೀಮಂತಿಕೆ ಬೇಕಿಲ್ಲ. ಸಿಪಾಯಿ ಸೇರಿದ ದಿನವೇ ಆತನ ಮಾಲಕನಿಗೆ ಬೆಟಾಲಿಯನ್ನಿನಿಂದ ಒಂದು ಸೂಚನೆ ಬರಬೇಕು. ಕರೆ ಕಳಿಸುವಾಗ ಅದರ ಪ್ರತಿ ಮಾಲಕನಿಗೂ ಬರಬೇಕು. ಅದರ ಹಿಂಬದಿಯಲ್ಲಿ 7ಎ ಕಲಂ ಕನ್ನಡದಲ್ಲಿ ಅಚ್ಚಾಗಿರಬೇಕು. ತುಕಡಿ ಎಲ್ಲಿಗೆ ಹೋಗುತ್ತದೆ ಎಂಬುದು ನಮಗೆ ಬೇಡ. ಸುಮಾರು ಎಷ್ಟು ಕಾಲ ಎಂಬ ಅಂದಾಜು ಸಾಕು. ಗುಟ್ಟು ಬಿಟ್ಟುಕೊಡದೆಯೇ ಇದನ್ನು ಮಾಡಬಹುದು.

ಹಣದ ವಿಷಯದಲ್ಲೂ ನನ್ನ ಬೇಡಿಕೆ ದೊಡ್ಡದಲ್ಲ. ಸಣ್ಣ ಘಟಕಗಳಿಗೆ, ಯೋಧ ಸೇವೆಯಲ್ಲಿರುವಷ್ಟು ಕಾಲ, ಬದಲಿ ಕೆಲಸಗಾರನ ಭವಿಷ್ಯ ನಿಧಿಯ ಮಾಲಕರ ಪಾಲನ್ನು ಸರ್ಕಾರ ಭರಿಸಲಿ. ದಂಡದ ಮೊತ್ತವನ್ನು ಇಂದಿನ ರೂಪಾಯಿ ಬೆಲೆಗೆ ಏರಿಸಲಿ. ದಂಡ ಏರಿಸಿ ಎಂದು ಮಾಲಕನೇ ಕೇಳುವುದೇ ಎಂದು ನಮ್ಮ ಸಂಘದಲ್ಲಿ ಕೆಲವರು ಸಿಟ್ಟಾದರು. ಕಳಿಸಿಕೊಟ್ಟವನೂ ತಿರುಗಿ ಸೇರಿಸಿಕೊಳ್ಳದವನೂ ಕಾನೂನಿನ ಮುಂದೆ ಒಂದೇ ಆದರೆ, ಕಳಿಸಿಕೊಡುವವನಿಗೆ ಯಾವ ಬೆಲೆ?

ಈಗ ಆ ರ‍್ಯಾಲಿಗೆ ಬರುವ ಹುಡುಗರ ಮಾತು. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಟೆರಿಟೋರಿಯಲ್ ಆರ್ಮಿ ಪೂರ್ಣಾವಧಿ ಉದ್ಯೋಗವಲ್ಲ, ಜೀವನೋಪಾಯದ ದಾರಿಯೂ ಅಲ್ಲ, ಈಗಾಗಲೇ ಬೇರೆ ದುಡಿಮೆ ಇರುವವರಿಗಾಗಿ ಇರುವ ಸೇವೆ ಎಂದು ಸೇನೆಯೇ ಸ್ಪಷ್ಟವಾಗಿ ಹೇಳುತ್ತದೆ. ವಯಸ್ಸು 18ರಿಂದ 42. ಬೆಟಾಲಿಯನ್ ಸೇವೆಯಲ್ಲಿದ್ದಾಗ, ತರಬೇತಿಯಲ್ಲಿದ್ದಾಗ ಕಾಯಂ ಸಿಪಾಯಿಯಂತೆ ಸಂಬಳ, ರೇಷನ್ ಎಲ್ಲವೂ ಇದೆ. ಬೆಟಾಲಿಯನ್ನನ್ನು ಸೇವೆಯಿಂದ ಬಿಡುಗಡೆ ಮಾಡಿದ ದಿನ ಸಂಬಳ ನಿಲ್ಲುತ್ತದೆ. ಸಿಪಾಯಿಗೆ ಪಿಂಚಣಿ ಸಿಗಬೇಕಾದರೆ 15 ವರ್ಷ ಸೇವೆಯಲ್ಲಿ ಇದ್ದಿರಬೇಕು. ಹೆಸರು ಪಟ್ಟಿಯಲ್ಲಿದ್ದ ವರ್ಷಗಳೆಲ್ಲ ಆ ಲೆಕ್ಕಕ್ಕೆ ಬರುವುದಿಲ್ಲ. ರಸ್ತೆ ಬದಿ ಮಲಗಿದ ಹುಡುಗರಲ್ಲಿ ಎಷ್ಟು ಜನರಿಗೆ ಇದು ಗೊತ್ತು? ಅವರಲ್ಲಿ ಬಹುಪಾಲು ಬೇರೆ ದುಡಿಮೆಯೇ ಇಲ್ಲದವರು. ಮಿಲಿಟರಿ ನೌಕರಿ ಸಿಕ್ಕಿತು ಎಂದು ಮನೆಯವರು ಸಾಲ ಮಾಡಿ ಮದುವೆ ಮಾಡುತ್ತಾರೆ, ಮನೆ ಕಟ್ಟಲು ತೊಡಗುತ್ತಾರೆ. ಬೆಟಾಲಿಯನ್ ಬಿಡುಗಡೆಯಾದಾಗ ಆ ಹುಡುಗ ಟ್ರಂಕು ಹೊತ್ತು ಊರಿಗೆ ಬಂದು, ಕೆಲಸ ಕೇಳಿಕೊಂಡು ನಮ್ಮಂಥವರ ಬಾಗಿಲಿಗೆ ಬರುತ್ತಾನೆ. ನನ್ನ ಟರ್ನರ್ ಮೊದಲು ನನ್ನಲ್ಲಿಗೆ ಬಂದದ್ದೂ ಹಾಗೆಯೇ. ಲೇತ್ ಕೆಲಸ ಕಲಿತದ್ದು ನನ್ನಲ್ಲಿ. ಸಂದರ್ಶನದಲ್ಲಿ ‘ನಾನು ಟಿಎ, ಕರೆ ಬಂದರೆ ಹೋಗಬೇಕಾಗುತ್ತದೆ’ ಎಂದು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಬೇರೆ ಎರಡು ಕಡೆ ಬೇಡವೆಂದಿದ್ದರಂತೆ. ಹೀಗೆ ನಡೆದರೆ ಉಳಿದ ಹುಡುಗರು ಹೇಳದೆಯೇ ಸೇರುತ್ತಾರೆ, ಕರೆ ಬಂದ ದಿನ ಮಾಲಕನಿಗೆ ಸಿಡಿಲು ಬಡಿಯುತ್ತದೆ, ಮುಂದಿನ ಟಿಎ ಹುಡುಗನಿಗೆ ಬಾಗಿಲು ಇನ್ನಷ್ಟು ಗಟ್ಟಿಯಾಗಿ ಮುಚ್ಚುತ್ತದೆ.

ಇದನ್ನು ಸರಿಪಡಿಸುವ ಕೆಲಸ ದೆಹಲಿಯಲ್ಲೇ ಆಗಬೇಕೆಂದಿಲ್ಲ. ರಾಜ್ಯದ ಕಾರ್ಮಿಕ ಇಲಾಖೆ ಒಂದು ಸುತ್ತೋಲೆ ಹೊರಡಿಸಿ, ಕಾರ್ಖಾನೆಗಳ ಸೂಚನಾ ಫಲಕದಲ್ಲಿ ಕನಿಷ್ಠ ವೇತನದ ಪಟ್ಟಿಯ ಪಕ್ಕ 7ಎ ಕಲಮನ್ನೂ ಹಾಕಿಸಬಹುದು. ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆ ರ‍್ಯಾಲಿಯ ದಿನ ಮೈದಾನದ ಬಾಗಿಲಲ್ಲಿ ಒಂದು ಮೇಜು ಹಾಕಿ, ಸಂಬಳ ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಎಂದು ಹುಡುಗರಿಗೆ ತಿಳಿಸಬಹುದು. ತಮ್ಮ ಪತ್ರಿಕೆ ಮುಂದಿನ ರ‍್ಯಾಲಿಯ ಸುದ್ದಿಯ ಜೊತೆ ಈ ಮಾಹಿತಿಗೆ ಅರ್ಧ ಕಾಲಂ ಜಾಗ ಕೊಟ್ಟರೆ ಬಹಳ ಉಪಕಾರ. ಕೈಗಾರಿಕಾ ಸಂಘಗಳ ಸಭೆಗೆ ಟಿಎ ಅಧಿಕಾರಿಯೊಬ್ಬರನ್ನು ಕರೆಸೋಣ ಎಂದು ನಾನು ನಮ್ಮ ಸಂಘಕ್ಕೆ ಬರೆದುಕೊಟ್ಟಿದ್ದೇನೆ. ಪದಾಧಿಕಾರಿಗಳು ಒಪ್ಪಿದ್ದಾರೆ, ದಿನಾಂಕ ಗೊತ್ತಾಗಬೇಕಿದೆ.

ನನ್ನ ಟರ್ನರ್ ಇನ್ನೂ ಸೇವೆಯಲ್ಲಿದ್ದಾನೆ. ಆತನ ಜಾಗ ಆತನದೇ ಎಂದು ಬದಲಿಗೆ ಬಂದ ಹುಡುಗನಿಗೆ ಮೊದಲ ದಿನವೇ ಬರವಣಿಗೆಯಲ್ಲಿ ತಿಳಿಸಿದ್ದೇನೆ, ಅದರ ಒಂದು ಪ್ರತಿಯನ್ನು ಟರ್ನರನ ಮನೆಗೂ ತಲುಪಿಸಿದ್ದೇನೆ. ಆ ಪತ್ರದ ನಮೂನೆ ಬೇಕೆನ್ನುವ ಮಾಲಕರಿಗೆ ನಮ್ಮ ಸಂಘದ ಕಚೇರಿಯಲ್ಲಿ ಸಿಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸಣ್ಣ ಕೈಗಾರಿಕೋದ್ಯಮಿ
ಉದ್ಯಮಬಾಗ, ಬೆಳಗಾವಿ